ನಾಲ್ಕು ನಿಮಿಷದ ಅಕ್ಕ

ಖಗೋಳ ವೀಕ್ಷಣಾಲಯದ ಗಡಿಯಾರಗಳನ್ನು ನೋಡಿಕೊಳ್ಳುವ ನಾಲ್ಕು ನಿಮಿಷದ ಅಕ್ಕನ ಎದುರು ವರ್ಷಕ್ಕೆ ಮುನ್ನೂರ ಅರವತ್ತೈದೇ ದಿನ ಎಂದವರು ಕೆಟ್ಟರು. "ಅದು ಸೂರ್ಯನ ಲೆಕ್ಕ ಕಣಪ್ಪ. ನಕ್ಷತ್ರ ದಿನಾ ನಾಲ್ಕು ನಿಮಿಷ ಮೊದಲೇ ಸುತ್ತಿ ಬರುತ್ತೆ. ಕೂಡಿಸಿ ನೋಡು, ವರ್ಷಕ್ಕೊಂದು ದಿನ ಜಾಸ್ತಿ!" ಎಂದು ಹಾಲಿನವನನ್ನೂ ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳುತ್ತಾಳೆ. ಮೂವತ್ತು ವರ್ಷದ ನೌಕರಿಗೆ ಮೂವತ್ತು ದಿನ ಹೆಚ್ಚುವರಿ ರಜೆ ಕೇಳಿ ಅರ್ಜಿ ಹಾಕಿದ್ದಾಳೆ. "ಇದೆಲ್ಲ ಆಫೀಸಲ್ಲಿ ನಡೆಯಲ್ಲಮ್ಮ" ಎಂದು ಸಾಹೇಬರು ಹಿಂತಿರುಗಿಸಿದರೆ, "ಆಕಾಶದಲ್ಲಿ ನಡೆಯುತ್ತಲ್ಲ ಸಾರ್" ಎಂದು ಅದನ್ನೇ ಮತ್ತೆ ಮೇಜಿನ ಮೇಲಿಡುತ್ತಾಳೆ. ಮೊನ್ನೆ ಡಾಕ್ಟರು ಅವಳ ಗಂಡನ ರಿಪೋರ್ಟು ನೋಡಿ, "ಇನ್ನು ಹೆಚ್ಚೆಂದ್ರೆ ಒಂದು ವರ್ಷಮ್ಮ" ಎಂದರು. "ಮುನ್ನೂರ ಅರವತ್ತಾರು ದಿನ ಅನ್ನಿ, ಒಂದನ್ನೂ ಬಿಟ್ಟುಕೊಡಲ್ಲ" ಎನ್ನುವಾಗ ಅವಳ ದನಿ ಒಡೆಯಿತು, ತಲೆ ಮಾತ್ರ ತಗ್ಗಲಿಲ್ಲ. ಅಲ್ಲಿಂದ ನೇರ ಸಂಗೀತಶಾಲೆಗೆ ಹೋಗಿ, ಗಂಡನನ್ನು ಮೂರು ವರ್ಷ ಕಲಿಸುವ ಪಿಟೀಲು ತರಗತಿಗೆ ಸೇರಿಸಿ ಬಂದಳು.