ಲಗಮಪ್ಪ ಕೈಹಿಡಿದು ದಾಟಿಸಿದ ರಸ್ತೆ

ಘೋಡಗೇರಿಯ ಲಗಮಪ್ಪನನ್ನು ಪೇಟೆಗೆ ಬಂದ ಮಾಲಿನಂತೆ ನೋಡಿದರೆ ಹೀಗೆ: ತೂಕ ಹಗುರ, ಮೈಬಣ್ಣ ಹೊಗೆ ಹಿಡಿದದ್ದು, ಹಲ್ಲು ಅರ್ಧಕ್ಕರ್ಧ ಖಾಲಿ, ಮಾತು ಜಿಪುಣ, ಬಲಗಣ್ಣು ಪೂರ್ತಿ ಕತ್ತಲು. ಮೇಲ್ನೋಟಕ್ಕೆ ಯಾವ ವ್ಯಾಪಾರಿಯೂ ಕೈಹಾಕುವ ಮಾಲಲ್ಲ. ಆದರೆ ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆಯನ್ನು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರು ಹುಕ್ಕೇರಿ ಸೀಮೆಯಲ್ಲಿ ಇರಲಿಲ್ಲ. ಮೂಡಲಗಿಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ನಮ್ಮಣ್ಣ ತವನಪ್ಪ, ಅವನು ತಂದ ಬೆಲ್ಲದ ಪೆಂಟೆಗಳನ್ನು ಮುಟ್ಟದೆ, ಬಣ್ಣ ನೋಡಿಯೇ ದರ ಹೇಳುತ್ತಿದ್ದ.

ಒಂದು ಹಂಗಾಮಿನಲ್ಲಿ ಲಗಮಪ್ಪನ ಬಲಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲತೊಡಗಿದವು. ಅವನು ಅದನ್ನು ಗಾಣದ ಹಬೆ ಎಂದುಕೊಂಡ. ಮೂವತ್ತು ವರ್ಷ ಕೊಪ್ಪರಿಗೆಯ ಮೇಲೆ ಬಗ್ಗಿದವನಿಗೆ ಲೋಕ ಹಬೆಯಲ್ಲಿ ತೇಲುವುದು ಹೊಸತೇನೂ ಅಲ್ಲ. ಹೊಂಬಣ್ಣದ ನೊರೆ, ಅದರಾಚೆ ಹೊಂಬಣ್ಣದ ಕಬ್ಬಿನ ಗಾಡಿ, ಅಲ್ಲವ್ವನೆಂಬ ಹೊಂಬಣ್ಣದ ಹೆಂಡತಿ. ಎಲ್ಲವೂ ಅಂಚಿಲ್ಲದೆ ಒಂದರೊಳಗೊಂದು ಕರಗುತ್ತಿದ್ದವು. ಅವನಿಗೆ ಅದು ಚೆಂದವೇ ಕಂಡಿತು. ಹಂಗಾಮು ಮುಗಿದು ಒಲೆ ಆರಿದರೂ ಹಬೆ ಇಳಿಯಲಿಲ್ಲ. ೧೯೯೯ರಲ್ಲಿ ಅಲ್ಲವ್ವ ಅವನನ್ನು ಯಮಕನಮರಡಿಯ ಕಣ್ಣಿನ ಶಿಬಿರಕ್ಕೆ ಎಳೆದೊಯ್ದಾಗ ತಿಳಿಯಿತು: ಅದು ಹಬೆಯಲ್ಲ, ಸಕ್ಕರೆ ಕಾಯಿಲೆ ಕಣ್ಣಿನೊಳಗೆ ಸೋರಿಸಿದ ರಕ್ತ. ಬಲಗಣ್ಣು ಹೋಗಿತ್ತು. ಎಡಗಣ್ಣನ್ನು ಬೆಳಗಾವಿಯಲ್ಲಿ ಲೇಸರ್ ಹಾಕಿ ಉಳಿಸಿದರು.

ತವನಪ್ಪನಿಗೂ ಅದೇ ಕಾಯಿಲೆ. ಬೆಲ್ಲ ಮಾರುವವನಿಗೆ ಸಕ್ಕರೆ ಕಾಯಿಲೆ ಎಂದರೆ ಪೇಟೆ ನಗುತ್ತದೆಂದು ಗುಳಿಗೆಗಳನ್ನು ತೂಕದ ಕಲ್ಲುಗಳ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ. ಅದು ಗೊತ್ತಿಲ್ಲದವರು ಪೇಟೆಯಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಲಗಮಪ್ಪ ಅಂಗಡಿಗೆ ಬಂದು, ಕಣ್ಣು ತೋರಿಸಿದ್ದೀರಾ ಎಂದು ಕೇಳಿದ.

"ನನಗೇನ್ ಆಗೇತೋ ಲಗಮಾ? ಎಲ್ಲಾ ನಿಚ್ಚಳ ಕಾಣಸ್ತೈತಿ," ಎಂದ ತವನಪ್ಪ.

"ನನಗೂ ಕಾಣಸ್ತಿತ್ರಿ ಸಾವಕಾರ್ರ. ಪಾಕದ ತಳಾ ಹತ್ತೂದು ಮ್ಯಾಲಿನ ನೊರಿಗೆ ತಿಳಿಯೂದಿಲ್ಲ."

ತವನಪ್ಪ ಗಿರಾಕಿಗಳ ನೆಪ ಹೇಳಿದ. ಲಗಮಪ್ಪ ವಾದಕ್ಕಿಳಿಯಲಿಲ್ಲ. ತಾನು ಮತ್ತೊಮ್ಮೆ ತೋರಿಸಿಕೊಳ್ಳಲು ಗೋಕಾಕದ ದವಾಖಾನೆಗೆ ಹೋಗಬೇಕು, ಒಂಟಿಗಣ್ಣಿನವನಿಗೆ ರಸ್ತೆ ದಾಟಲು ಬಾರದು, ಕೈಹಿಡಿದು ಕರೆದೊಯ್ಯಿರಿ ಎಂದಷ್ಟೇ ಬೇಡಿಕೊಂಡ. ಧರ್ಮದ ಕೆಲಸವೆಂದು ತವನಪ್ಪ ಬಸ್ಸು ಹತ್ತಿದ. ಜೀವಮಾನದಲ್ಲಿ ಅವನನ್ನು ಯಾರಾದರೂ ವ್ಯವಹಾರದಲ್ಲಿ ಸೋಲಿಸಿದ್ದರೆ ಅದು ಅವತ್ತೇ. ದವಾಖಾನೆಯಲ್ಲಿ ಲಗಮಪ್ಪ ಚೀಟಿ ಮಾಡಿಸಿದ್ದು ತವನಪ್ಪನ ಹೆಸರಿಗೆ.

ತವನಪ್ಪನ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಬಿಟ್ಟು ಡಾಕ್ಟರು ಬೆಳಕು ಹಿಡಿದು ನೋಡಿದರು. ಎರಡೂ ಕಣ್ಣಿನೊಳಗೆ ಸೋರಿಕೆ ಶುರುವಾಗಿದೆ, ವೇಳೆಗೆ ಸರಿಯಾಗಿ ಬಂದಿದ್ದೀರಿ, ಲೇಸರ್ ಹಾಕಿದರೆ ಉಳಿಯುತ್ತವೆ ಎಂದರು.

ಹೊರಗೆ ಬಂದಾಗ ಹನಿಯ ಅಮಲಿನಲ್ಲಿ ಗೋಕಾಕವೆಲ್ಲ ಕರಗುತ್ತಿತ್ತು. ಬಿಸಿಲು ಎಳೆಪಾಕದಂತೆ ಗೋಡೆಗಳಿಂದ ಇಳಿಯುತ್ತಿತ್ತು. ಕರದಂಟಿನ ಅಂಗಡಿಗಳು ನೀರಿನ ಮೇಲಿದ್ದಂತೆ ತೂಗುತ್ತಿದ್ದವು. ಲಾರಿಯೊಂದು ಬಿಳಿ ಮೋಡವಾಗಿ ಹಾದುಹೋಯಿತು. ತವನಪ್ಪ ನಿಂತಲ್ಲೇ ನಿಂತ. ಲಗಮಪ್ಪ ಯಾವ ಹಬೆಯೊಳಗೆ ಅಷ್ಟು ದಿನ ನಡೆದಾಡಿದ್ದನೆಂದು ಅವನಿಗೆ ಆಗ ತಿಳಿಯಿತು.

"ಕೈ ಕೊಡ್ರಿ," ಎಂದ ಲಗಮಪ್ಪ. ಇದ್ದೊಂದು ಕಣ್ಣಿನಲ್ಲೇ ಎರಡೂ ಕಡೆ ನೋಡಿ, ಸಾವುಕಾರನನ್ನು ಸಾವಕಾಶ ರಸ್ತೆ ದಾಟಿಸಿದ.

ಮುಂದೆ ಲಗಮಪ್ಪ ಇದೇ ಆಟವನ್ನು ಹನ್ನೊಂದು ಜನರ ಮೇಲೆ ಆಡಿದ. ಪ್ರತಿ ಸಲವೂ ಅವನಿಗೆ ರಸ್ತೆ ದಾಟಲು ಬರುತ್ತಿರಲಿಲ್ಲ.

ನಮ್ಮಣ್ಣ ಈಗಲೂ ಪೆಂಟೆ ಮುಟ್ಟದೆ ಬಣ್ಣ ನೋಡಿ ದರ ಹೇಳುತ್ತಾನೆ. ಅವನ ಎರಡೂ ಕಣ್ಣಿಗಾಗಿ ನಾನು ಲಗಮಪ್ಪನ ಋಣದಲ್ಲಿದ್ದೇನೆ.