ಚಂದ್ರನಿಗೆ ಹೊರಟವರ ಮಡಿಲಕ್ಕಿ

ಮಕ್ಕಳೇ, ಒಂದು ನಾಚಿಕೆಯ ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದ ನೌಕೆ ಚಂದ್ರನಿಗೆ ಹೊರಟ ವರ್ಷ, ಅದು ಒಂದು ಸುತ್ತು ಹಾಕಿ ಮತ್ತೆ ಭೂಮಿಯ ಹತ್ತಿರ ಬಂತೆಂದು ಟೀವಿಯಲ್ಲಿ ಕೇಳಿದೆ. ಪಾಪ, ದಾರಿ ತಪ್ಪಿ ವಾಪಸಾಯಿತೆಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನನ್ನ ನಾಲ್ಕನೇ ತರಗತಿಯ ಓದು ಅಷ್ಟೇ ದೂರ ನಡೆಯುವುದು.

ಆ ಶನಿವಾರ ನಿಮ್ಮ ಸುಮಕ್ಕನೂ ವಾಪಸಾಗಿದ್ದಳು. ಹುಣಸೂರಿನ ಹಾಸ್ಟೆಲಿಗೆ ಸೇರಿದಾಗಿನಿಂದ ವಾರವಾರವೂ ಅಳುತ್ತ ರಾವಂದೂರಿಗೆ ಬರುತ್ತಿದ್ದವಳು, ಈ ಸಲ ಹಾಸಿಗೆಯನ್ನೂ ಸುತ್ತಿಕೊಂಡು ಬಂದಿದ್ದಳು. ಸೋಮವಾರ ಹೋಗದಿದ್ದರೆ ಓದು ಅಲ್ಲಿಗೇ ನಿಂತಿತು ಎಂದು ಅವಳಪ್ಪ ಹೇಳಿಯಾಗಿತ್ತು.

ನನ್ನ ದೀಪದ ಕಾರಣ ಕೇಳಿ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಅದು ಸೋತ್ ಬಂದಿಲ್ಲ ಕಣಜ್ಜಿ. ತಳ್ಳುಸ್ಕೊಳಕ್ಕೆ ಬಂದಿರೋದು."

ಮೊರದ ರಾಗಿಹಿಟ್ಟಿನಲ್ಲಿ ಬೆರಳಾಡಿಸಿ ತೋರಿಸಿದಳು. ಆ ನೌಕೆ ಒಂದೇ ನೆಗೆತಕ್ಕೆ ಚಂದ್ರನನ್ನು ಮುಟ್ಟುವುದಿಲ್ಲವಂತೆ. ಮೊಟ್ಟೆಯಂಥ ದಾರಿಯಲ್ಲಿ ಭೂಮಿಯನ್ನು ಸುತ್ತುತ್ತದೆ. ಭೂಮಿಗೆ ತೀರ ಹತ್ತಿರ ಬಂದಾಗ ಅದರ ಓಟ ಜೋರು. ಆಗಲೇ ಎಂಜಿನ್ ಉರಿಸಿದರೆ ಫಲ ಹೆಚ್ಚು. ಹಾಗೆ ಬಂದು ಬಂದು, ಪ್ರತಿ ಸಲ ಇನ್ನಷ್ಟು ದೂರ ಹೋಗಿ, ಕೊನೆಗೆ ದಾರಿಯ ತುದಿ ಚಂದ್ರನವರೆಗೆ ಚಾಚುತ್ತದೆ. ಅಲ್ಲಿ ವೇಗ ತಗ್ಗಿಸಿಕೊಂಡರೆ ಚಂದ್ರ ಹಿಡಿದಿಟ್ಟುಕೊಳ್ಳುತ್ತಾನೆ.

ಅಯ್ಯೋ, ಇದು ನನಗೆ ಗೊತ್ತಿದ್ದ ವಿದ್ಯೆಯೇ! ಮದುವೆಯಾದ ವರ್ಷ ಚುಂಚನಕಟ್ಟೆಯ ತವರಿಗೆ ಎಷ್ಟು ಸಲ ಓಡಿದೆನೋ. ಅಮ್ಮ ಬೈಯಲಿಲ್ಲ, ಇಲ್ಲೇ ಇರು ಎಂದೂ ಅನ್ನಲಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿಯಿಂದ ಮಡಿಲು ತುಂಬಿ, ಬೆನ್ನ ಮೇಲೆ ಕೈಯಿಟ್ಟು ಗಾಡಿ ಹತ್ತಿಸುತ್ತಿದ್ದಳು. ಎಂಟು ದಿನಕ್ಕೆ ಓಡುತ್ತಿದ್ದವಳು ತಿಂಗಳಿಗೊಮ್ಮೆ, ಆಮೇಲೆ ಗೌರಿಹಬ್ಬಕ್ಕೊಮ್ಮೆ ಹೋಗುವಂತಾದೆ. ಈ ಕಡೆ ನಿಮ್ಮ ತಾತ, ನನ್ನ ವೇಗ ತಗ್ಗುವವರೆಗೆ ಏನೂ ಕೇಳದೆ ಕಾದರು.

ಮದುವೆಯಾಗದ ಹುಡುಗಿಗೆ ಮಡಿಲು ತುಂಬುವ ಪದ್ಧತಿ ನಮ್ಮಲ್ಲಿಲ್ಲ. ನನ್ನಂತೆ ಗಂಡನನ್ನು ಕಳೆದುಕೊಂಡವಳು ತುಂಬುವುದಂತೂ ಇಲ್ಲವೇ ಇಲ್ಲ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಸೋಮವಾರ ಬೆಳಿಗ್ಗೆ ಎರಡನ್ನೂ ಮೀರಿದೆ. ಅವಳ ವೇಲಿನ ಸೆರಗಿಗೆ ಅಕ್ಕಿ, ಬೆಲ್ಲ ಹಾಕಿ, ಬೆನ್ನ ಮೇಲೆ ಕೈಯಿಟ್ಟೆ.

"ಎಷ್ಟ್ ಸಲ ಬೇಕಾದ್ರೂ ಬಾ ಕಣವ್ವ," ಎಂದೆ. "ಹಾಸ್ಗೆ ಮಾತ್ರ ಅಲ್ಲೇ ಬುಟ್ಟು ಬಾ."

ಮುಂದಿನ ಶನಿವಾರವೂ ಬಂದಳು, ಬರಿಗೈಯಲ್ಲಿ. ಆಮೇಲೆ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ಈ ಸಲ ಪರೀಕ್ಷೆಯಿದೆ, ಹಬ್ಬಕ್ಕೆ ಬರಲಾಗುವುದಿಲ್ಲ ಅಜ್ಜಿ ಎಂದು ಫೋನ್ ಮಾಡಿದ್ದಾಳೆ. ಒಳ್ಳೆಯದಾಯಿತು ಎಂದು ಹೇಳಿ, ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ನೌಕೆ ದೂರ ಹೋದ ಮೇಲೆ ಭೂಮಿಗೆ ಏನಾಗುತ್ತದೆ ಎಂಬುದನ್ನು ಸುಮ ಆವತ್ತು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.