ಮೊದಲು ಬಂದರೂ ಮುಗಿಯದ ಲೀಗು

ನನಗೆ ಫುಟ್‌ಬಾಲ್ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನಮ್ಮ ಮನೆಯವರ ಬಲಮೊಣಕಾಲಿನ ಮೇಲೆ. ಭಾನುವಾರ ಆಡಿ ಬಂದರೆ ಸೋಮವಾರ ಅದು ಊದಿಕೊಂಡು ಕೂತಿರುತ್ತಿತ್ತು. ಬಿಸಿನೀರು ಕಾಯಿಸುವವಳು ನಾನು, ಎಣ್ಣೆ ತಿಕ್ಕುವವಳು ನಾನು, ಹಾಲಿನ ಕ್ಯಾನು ಡೇರಿಗೆ ಹೊರುವವಳೂ ನಾನೇ. ಇನ್ನು ಆಡಿದರೆ ಮುಂದೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದು ಚಿಕ್ಕೋಡಿಯ ಡಾಕ್ಟರು ಮುಖಕ್ಕೇ ಹೇಳಿದ್ದರು. ಬರುವ ದಾರಿಯಲ್ಲಿ ನನ್ನ ಬಾಯಿ ಮುಚ್ಚಿಸಲು ಇವರು ಒಂದು ಮಾತು ಕೊಟ್ಟರು: ನಮ್ಮೂರು ಅಕ್ಕೋಳಕ್ಕೆ ಒಮ್ಮೆ ಕಪ್ ಬರಲಿ, ಮರುದಿನದಿಂದ ಬೂಟು ಮುಟ್ಟುವುದಿಲ್ಲ.

ಅದು ಪುಕ್ಕಟೆ ಮಾತು ಎಂದು ಇಡೀ ಊರಿಗೆ ಗೊತ್ತಿತ್ತು. ನಮ್ಮ ಸುತ್ತಮುತ್ತಲ ಊರುಗಳ ಲೀಗಿನಲ್ಲಿ ವರ್ಷ ವರ್ಷ ಗೆಲ್ಲುವುದು ನಿಪ್ಪಾಣಿಯ ಒಂದೇ ತಂಡ. ಅವರು ಅರ್ಧ ತಂಡವನ್ನೇ ಕೊಲ್ಹಾಪುರದಿಂದ ಕರೆಸುತ್ತಿದ್ದರು. ನಮ್ಮವರೋ ಕಬ್ಬಿಗೆ ನೀರು ಹಾಯಿಸಿ ಕೆಸರುಗಾಲಲ್ಲೇ ಬೈಕ್ ಹತ್ತುವವರು. ಲೀಗ್ ಅರ್ಧಕ್ಕೆ ಬರುವಷ್ಟರಲ್ಲಿ ಕಪ್ ಯಾರದೆಂದು ತೀರ್ಮಾನವಾಗಿ, ಮೈದಾನದಲ್ಲಿ ಖಾರದ ಚುರುಮುರಿ ಭಡಂಗ ಮಾರುವವನೂ ನಿಲ್ಲುತ್ತಿರಲಿಲ್ಲ.

ಹೋದ ಹಂಗಾಮಿಗೆ ಲೀಗ್ ನಡೆಸುವವರಿಗೆ ಬುದ್ಧಿ ಬಂತು. ಒಂದು ತಂಡಕ್ಕೆ ಹೊರಗಿನವರು ಇಬ್ಬರೇ ಎಂದು ನಿಯಮ ಮಾಡಿದರು. ಅಷ್ಟೇ ಸಾಕಾಯಿತು, ನಮ್ಮೂರ ತಂಡ ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಲೀಗಿನ ಕೊನೆಯ ಪಂದ್ಯ ಮುಗಿದ ದಿನ ನಾನು ಹೋಳಿಗೆ ಮಾಡಿದೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ ಎಂದು ಅತ್ತೆಗೆ ಆಶ್ಚರ್ಯ. ಇವರು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಕಪ್ ಇನ್ನೂ ಕೊಟ್ಟಿಲ್ಲ, ಈ ವರ್ಷ ಪ್ಲೇಆಫ್ ಇದೆ ಎಂದರು. ಮೇಲಿನ ನಾಲ್ಕು ತಂಡ ಮತ್ತೆ ಆಡಬೇಕಂತೆ.

ತುಪ್ಪದ ಗಿಂಡಿಯನ್ನು ಅಲ್ಲೇ ಕುಕ್ಕಿದೆ. ಇಷ್ಟು ದಿನ ಓಡಿ ಮೊದಲು ಬಂದವರು ಮೊದಲಿನವರಲ್ಲವಾದರೆ ಓಡಿದ್ದಾದರೂ ಯಾಕೆ? ಪರೀಕ್ಷೆಯಲ್ಲಿ ಮೊದಲ ನಾಲ್ವರನ್ನು ಕೂರಿಸಿ ಇನ್ನೊಮ್ಮೆ ಬರೆಸುತ್ತಾರೆಯೇ? ಇವರು ಬಲು ತಾಳ್ಮೆಯಿಂದ ತಿಳಿಸಿ ಹೇಳಿದರು. ಕೊನೆಯವರೆಗೂ ನಾಲ್ಕೈದು ತಂಡಕ್ಕೆ ಆಸೆ ಉಳಿದರೆ ಜನ ಬರುತ್ತಾರೆ, ಸಣ್ಣ ಊರಿನವರು ನಡುವೆಯೇ ಕೈಬಿಡುವುದಿಲ್ಲ. ಮೇಲಿನವರಿಗೆ ಅನ್ಯಾಯವೂ ಇಲ್ಲ. ಮೊದಲನೆಯವರು ಎರಡನೆಯವರ ಜೊತೆ ಆಡುತ್ತಾರೆ. ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ ಇನ್ನೊಂದು ಅವಕಾಶ. ಮೂರು, ನಾಲ್ಕನೆಯವರು ಸೋತರೆ ಸೀದಾ ಮನೆಗೆ. ನನಗೆ ಎಲ್ಲ ತಿಳಿಯಿತು. ಆ ಮೊಣಕಾಲಿಗೆ ಇನ್ನೂ ಎರಡೋ ಮೂರೋ ಪಂದ್ಯ ಬಾಕಿ ಎಂಬುದೂ ತಿಳಿಯಿತು.

ಮೊದಲ ಪಂದ್ಯ ನಿಪ್ಪಾಣಿಯವರ ಮೇಲೆಯೇ. ಹಿಂದಿನ ಸಂಜೆ ಕಬ್ಬು ಕಡಿಯುವ ಗ್ಯಾಂಗನ್ನು ನಡೆಸುವ ಮುಕಾದಮ ಫೋನ್ ಮಾಡಿ, ನಾಳೆ ನಿಮ್ಮ ಪಾಳಿ ಎಂದ. ಪಾಳಿ ತಪ್ಪಿದರೆ ಗ್ಯಾಂಗ್ ಮುಂದಿನ ಹೊಲಕ್ಕೆ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ. ಕಟಾವಿನ ದಿನ ಮನೆಯ ಗಂಡಸು ಹೊಲದಲ್ಲಿ ನಿಲ್ಲಬೇಕೆಂಬುದು ನಮ್ಮ ಕಡೆಯ ರೂಢಿ. ಇವರು ಹೊಲಕ್ಕೆ ಹೋದರು. ಒಂದು ಪಂದ್ಯದ ಪೆಟ್ಟು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಸಂಜೆ ಸುದ್ದಿ ಬಂತು: ಹಿಂದೆ ನಿಂತು ತಡೆಯುವ ಇವರಿಲ್ಲದೆ ನಮ್ಮವರು ಮೂರು ಗೋಲು ತಿಂದು ಸೋತಿದ್ದರು. ಖುಷಿ ಅಲ್ಲೇ ಇಳಿಯಿತು. ಕಪ್ ಹೋದರೆ ಇನ್ನೊಂದು ವರ್ಷ ಬಿಸಿನೀರು, ಇನ್ನೊಂದು ವರ್ಷ ಎಣ್ಣೆ. ಇವರ ಆಟ ಬಿಡಿಸಬೇಕಾದರೆ ಇವರನ್ನು ಆಡಿಸಬೇಕು, ಎಂಥ ತಾಪತ್ರಯ ನೋಡಿ.

ಆ ಇನ್ನೊಂದು ಅವಕಾಶವೇ ನಮ್ಮನ್ನು ಉಳಿಸಿತು. ಗ್ಯಾಂಗಿನ ಟ್ರ್ಯಾಕ್ಟರ್ ಕೆಟ್ಟು ಕಟಾವು ಅರ್ಧಕ್ಕೆ ನಿಂತಿತ್ತು. ಇವರು ಹೋಗಿ, ಮೂರು-ನಾಲ್ಕನೆಯವರಲ್ಲಿ ಗೆದ್ದಿದ್ದ ರಾಯಬಾಗ ಕಡೆಯ ತಂಡವನ್ನು ಸೋಲಿಸಿ ಬಂದರು. ಫೈನಲ್ ಮತ್ತೆ ನಿಪ್ಪಾಣಿಯವರ ಮೇಲೆ. ಸರಿಯಾಗಿ ಅದೇ ಮುಂಜಾನೆ ಗ್ಯಾಂಗ್ ಉಳಿದ ಕಬ್ಬಿಗೆ ಬಂದು ನಿಂತಿತು. ಇವರು ಬೂಟಿನ ಚೀಲವನ್ನು ಗೂಟಕ್ಕೆ ತೂಗುಹಾಕಿ, ಟವೆಲ್ಲು ಹೆಗಲಿಗೆ ಹಾಕಿಕೊಂಡರು. ನಾನು ಚೀಲ ಇಳಿಸಿ ಅವರ ಕೈಗೆ ಕೊಟ್ಟೆ.

"ಕಬ್ಬು ನಾ ನೋಡ್ಕೋತೇನ್ರಿ. ನೀವು ಹೋಗಿ ಗೆದ್ದ ಬರ್ರಿ."

ಅತ್ತೆ ಬಾಯಿಗೆ ಸೆರಗು ಹಿಡಿದರು. ನಾನು ಹೊಲಕ್ಕೆ ಹೋದೆ. ಯಜಮಾನರೆಲ್ಲಿ ಎಂದು ಮುಕಾದಮ ಮರಾಠಿಯಲ್ಲಿ ಕೇಳಿದ. ಇವತ್ತು ನಾನೇ ಎಂದು ಮರಾಠಿಯಲ್ಲೇ ಹೇಳಿ, ಬುಡ ಬಿಟ್ಟು ಮೇಲೆ ಕಡಿಯುತ್ತಿದ್ದವರನ್ನು ನೆಲಮಟ್ಟಕ್ಕೆ ಕಡಿಯಲು ಹಚ್ಚಿದೆ. ಕಣ್ಣು ಕಬ್ಬಿನ ಮೇಲಿತ್ತು, ಕಿವಿ ಫೋನಿನ ಮೇಲಿತ್ತು.

ಫೋನ್ ಬರಲಿಲ್ಲ. ಹೊತ್ತು ಇಳಿಯುವಾಗ ಇವರೇ ಬದುವಿನ ಮೇಲೆ ಕುಂಟುತ್ತ ಬಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಕುಳಿತು, ಒಂದು ಗೋಲಿನಿಂದ ಗೆದ್ದೆವು ಎಂದರು. ಎದೆಯ ಮೇಲಿನ ಕಲ್ಲು ಇಳಿಯಿತು. ಆದರೂ ಇನ್ನೇನೋ ನೆಪ ತೆಗೆಯುತ್ತಾರೆ ಎಂದು ನಾನು ಜಗಳಕ್ಕೂ ತಯಾರಾಗಿದ್ದೆ. ಇವರು ಬೂಟು ಬಿಚ್ಚಿ ಬದಿಗಿಟ್ಟರು.

"ನಂಗೂ ಸಾಕಾಗಿತ್ತು. ಸೋತು ಆಟ ಬಿಟ್ಟ ಅಂತ ಮಂದಿ ಅನಬಾರ್ದಂತ ಹಲ್ಲ ಕಚ್ಚಿ ಆಡಾಕತ್ತಿದ್ನಿ."

ಆಟದ ನಡುವೆ ನೋವಿಗೆ ಕಣ್ಣಲ್ಲಿ ನೀರು ಬಂದದ್ದೂ ಉಂಟಂತೆ. ಇಷ್ಟು ದಿನ ನನಗೊಂದು ಮಾತು ಹೇಳಿರಲಿಲ್ಲ. ಬೈಯಬೇಕೆಂದುಕೊಂಡವಳು ಪಕ್ಕದಲ್ಲಿ ಕುಳಿತು ಊದಿದ ಮೊಣಕಾಲಿನ ಮೇಲೆ ಕೈಯಿಟ್ಟೆ. ಬರುವ ಭಾನುವಾರ ಆಟವಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ ಎಂದುಕೊಂಡಾಗ ಅಳು ಬಂತು. ಗ್ಯಾಂಗಿನವರು ನೋಡುತ್ತಿದ್ದರೂ ತಡೆಯಲಿಲ್ಲ.